ಇನ್‌ಪುಟ್ ಸ್ಟ್ರೀಮ್‌ನಿಂದ ಬೈಟ್‌ಗಳನ್ನು ಓದುವುದು: ಜಾವಾ ಕಲಿಯುವವರಿಗೆ ಸಮಗ್ರ ಮಾರ್ಗದರ್ಶಿ

"ಮೇಡಂ, ನಕಲು ಮಾಡಿದ ಫೈಲ್ ಮೂಲಕ್ಕಿಂತ ದೊಡ್ಡದಾಗಿದೆ." ಬಸವನಗುಡಿಯಲ್ಲಿ ನಾನು ಭಾನುವಾರ ನಡೆಸುವ ಜಾವಾ ತರಗತಿಯಲ್ಲಿ ಪ್ರತಿ ತಂಡದಿಂದಲೂ ಈ ಮಾತು ಬರುತ್ತದೆ. ಹಿಂದಿನ ಬೆಂಚಿನಿಂದ ಇನ್ನೊಬ್ಬರು, "ನನ್ನದು ಸೊನ್ನೆ ಬೈಟ್" ಎನ್ನುತ್ತಾರೆ. ಮೂರನೆಯವರ ಪ್ರೋಗ್ರಾಂ ಮುಗಿಯುವುದೇ ಇಲ್ಲ. ನೋಡಲು ಮೂರು ಬೇರೆ ರೋಗಗಳು, ಆದರೆ ಮೂಲ ಒಂದೇ. ಸ್ಟ್ರೀಮ್ (ಫೈಲ್‌ನಿಂದಲೋ ನೆಟ್‌ವರ್ಕ್‌ನಿಂದಲೋ ಬೈಟ್‌ಗಳು ಸಾಲಾಗಿ ಹರಿದು ಬರುವ ದಾರಿ) ಪ್ರತಿ ಸಲವೂ ಒಂದು ಸಂಖ್ಯೆಯನ್ನು ಕೈಗಿಡುತ್ತದೆ, ಅದನ್ನು ಯಾರೂ ಸರಿಯಾಗಿ ನೋಡುವುದಿಲ್ಲ.

ಕಾವೇರಿ ನೀರು ಬರುವ ದಿನ ನಲ್ಲಿಗೆ ಬಿಂದಿಗೆ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಂದಿಗೆ ಎಷ್ಟು ದೊಡ್ಡದಿರಬೇಕು ಎಂಬುದು ನಿಮಗೆ ಬಿಟ್ಟದ್ದು. ಈ ಸಲ ಎಷ್ಟು ನೀರು ಬೀಳುತ್ತದೆ ಎಂಬುದು ನಲ್ಲಿಗೆ ಬಿಟ್ಟದ್ದು. ಬಿಂದಿಗೆಯ ಗಾತ್ರ ನೋಡಿ "ಹತ್ತು ಲೀಟರ್ ಬಂತು" ಎಂದು ಲೆಕ್ಕ ಬರೆದರೆ ಏನಾಗುತ್ತದೋ ನಮ್ಮ ಪ್ರೋಗ್ರಾಂಗಳಿಗೆ ಆಗುತ್ತಿರುವುದೂ ಅದೇ.

ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಿ. ನಾಲ್ಕನೆಯದಕ್ಕೆ ನೇರವಾಗಿ ಹಾರಿದವರು ಮತ್ತೆ ಮೊದಲನೆಯದಕ್ಕೆ ಬರುವುದನ್ನು ನೋಡಿ ನೋಡಿ ಸಾಕಾಗಿದೆ.

ಮೊದಲು ಕೈಗೆ ಬೇಕಾದವು

ಜೆಡಿಕೆ (ಜಾವಾ ಪ್ರೋಗ್ರಾಂ ಬರೆದು ಓಡಿಸಲು ಬೇಕಾದ ತಂತ್ರಾಂಶ) 17 ಅಥವಾ ಅದಕ್ಕಿಂತ ಹೊಸದು ಇರಲಿ. ಎಡಿಟರ್ ಯಾವುದಾದರೂ ಆಗುತ್ತದೆ.

ಬೈಟ್‌ಗಳನ್ನು ಇದ್ದ ಹಾಗೆಯೇ ತೋರಿಸುವ ಒಂದು ಸಾಧನ ಬೇಕು. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಹೆಕ್ಸ್‌ಡಂಪ್ ಎಂಬ ಆಜ್ಞೆ ಇದೆ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಫಾರ್ಮ್ಯಾಟ್-ಹೆಕ್ಸ್ ಇದೆ. ಎರಡು ಫೈಲ್‌ಗಳು ಒಂದೇ ಹೌದೋ ಅಲ್ಲವೋ ಎಂದು ಹೇಳಲು ಶಾ-256 ಮೊತ್ತ (ಫೈಲ್‌ನ ಬೈಟ್‌ಗಳಿಂದ ಲೆಕ್ಕಹಾಕುವ, ಬೆರಳಚ್ಚಿನಂಥ ಗುರುತು) ತೆಗೆಯುವ ಆಜ್ಞೆಯನ್ನೂ ಕಲಿತುಕೊಳ್ಳಿ. "ಫೋಟೋ ತೆರೆದುಕೊಂಡಿತು, ಹಾಗಾಗಿ ನಕಲು ಸರಿ" ಎಂಬ ವಾದವನ್ನು ನನ್ನ ತರಗತಿಯಲ್ಲಿ ಒಪ್ಪುವುದಿಲ್ಲ. ಏಕೆ ಎಂಬುದು ನಾಲ್ಕನೆಯ ಹಂತದಲ್ಲಿ ತಿಳಿಯುತ್ತದೆ.

ಇಲ್ಲಿ ಕೋಡ್ ಸಾಲುಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ರೀಡ್, ರೈಟ್, ವೈಲ್ ಮೊದಲಾದ ಜಾವಾದ ಸ್ವಂತ ಪದಗಳನ್ನು ನೀವು ಎಡಿಟರ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು. ಮೂಲ (ಓದುವ ಸ್ಟ್ರೀಮ್), ಪ್ರತಿ (ನಕಲು ಬರೆಯುವ ಸ್ಟ್ರೀಮ್), ಎಣಿಕೆ ಎಂಬ ವೇರಿಯಬಲ್ ಹೆಸರುಗಳನ್ನು ಮಾತ್ರ ಕನ್ನಡದಲ್ಲೇ ಉಳಿಸಿಕೊಳ್ಳಬಹುದು. ಜಾವಾ ಅದಕ್ಕೆ ತಕರಾರು ಮಾಡುವುದಿಲ್ಲ. ತಕರಾರು ಮಾಡುವವರು ಸಹೋದ್ಯೋಗಿಗಳು.

ಹಂತ 1: ಆರು ಪರೀಕ್ಷಾ ಫೈಲ್‌ಗಳನ್ನು ಸಿದ್ಧಮಾಡಿ

ಕೋಡ್‌ನ ಒಂದು ಸಾಲು ಬರೆಯುವ ಮೊದಲು ಒಂದು ಫೋಲ್ಡರ್‌ನಲ್ಲಿ ಈ ಆರನ್ನು ಇಟ್ಟುಕೊಳ್ಳಿ: ಖಾಲಿ ಫೈಲ್, ಅಂದರೆ 0 ಬೈಟ್, 5 ಬೈಟ್‌ನದು, ಸರಿಯಾಗಿ 8,192 ಬೈಟ್‌ನದು, ಅದಕ್ಕಿಂತ ಒಂದೇ ಒಂದು ಹೆಚ್ಚಿರುವ 8,193 ಬೈಟ್‌ನದು, ಮೊಬೈಲ್‌ನಲ್ಲಿ ತೆಗೆದ ಒಂದು ಜೆಪೆಗ್ ಫೋಟೋ (ನನ್ನದು ಲಾಲ್‌ಬಾಗ್ ಗಾಜಿನ ಮನೆ), ಕೊನೆಯದಾಗಿ, "ಬೆಂಗಳೂರು" ಎಂಬ ಪದವನ್ನು ನಡುವೆ ಜಾಗ ಬಿಡದೆ 400 ಸಲ ಬರೆದು ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಒಂದು ಪದ್ಧತಿ) ಉಳಿಸಿದ ಪಠ್ಯ.

ಈ ಅಳತೆಗಳನ್ನು ಬೇಕೆಂದೇ ಆರಿಸಿದ್ದೇನೆ. ಸ್ಟ್ರೀಮ್ ಓದುವ ಕೋಡ್ ನಡುವೆ ಕೆಡುವುದು ಕಡಿಮೆ, ಕೆಡುವುದು ಅಂಚಿನಲ್ಲಿ. 8,192ರ ಬಫರ್‌ಗೆ (ಬೈಟ್‌ಗಳನ್ನು ತುಂಬಿಕೊಳ್ಳುವ ನಮ್ಮ ಬಿಂದಿಗೆ, ಅಂದರೆ ಒಂದು ಅರೇ) 8,193 ಬೈಟ್‌ನ ಫೈಲ್ ಹಾಕಿದಾಗಲೇ ಅದರ ಬಣ್ಣ ಬಯಲಾಗುವುದು.

ಹಂತ 2: ಮುಚ್ಚುವ ವ್ಯವಸ್ಥೆ ಮಾಡಿಯೇ ತೆರೆಯಿರಿ

ಇನ್‌ಪುಟ್‌ಸ್ಟ್ರೀಮ್ ಎಂಬುದು ಅಮೂರ್ತ ಕ್ಲಾಸ್. ಫೈಲ್‌ಗೆ, ನೆಟ್‌ವರ್ಕ್ ಸಾಕೆಟ್‌ಗೆ (ಇನ್ನೊಂದು ಯಂತ್ರದೊಂದಿಗಿನ ಸಂಪರ್ಕದ ತುದಿ), ಮೆಮೊರಿಯಲ್ಲಿರುವ ಬೈಟ್ ಅರೇಗೆ ಬೇರೆ ಬೇರೆ ಉಪಕ್ಲಾಸ್‌ಗಳಿವೆ. ನಿಮ್ಮ ಓದುವ ಮೆಥಡ್ ಇನ್‌ಪುಟ್‌ಸ್ಟ್ರೀಮ್ ಎಂಬ ಸಾಮಾನ್ಯ ರೂಪವನ್ನೇ ಪಡೆಯಲಿ, ಫೈಲ್‌ಇನ್‌ಪುಟ್‌ಸ್ಟ್ರೀಮ್ ಎಂದು ಕಟ್ಟಿಹಾಕಬೇಡಿ. ಎಂಟನೆಯ ಹಂತದ ಪರೀಕ್ಷೆ ನಿಂತಿರುವುದೇ ಈ ಸಡಿಲಿಕೆಯ ಮೇಲೆ.

ತೆರೆಯುವುದನ್ನು ಟ್ರೈ ಪದದ ಮುಂದಿನ ಆವರಣದೊಳಗೆ ಮಾಡಿ. ಜಾವಾ 7ರಿಂದ ಈ ಸೌಲಭ್ಯವಿದೆ; ಎಕ್ಸೆಪ್ಷನ್ ಬಂದರೂ ಬಾರದಿದ್ದರೂ ಅದು ತಾನೇ ಮುಚ್ಚುತ್ತದೆ, ಎರಡು ಸ್ಟ್ರೀಮ್ ತೆರೆದಿದ್ದರೆ ಕೊನೆಗೆ ತೆರೆದದ್ದನ್ನು ಮೊದಲು ಮುಚ್ಚುತ್ತದೆ.

ಎಚ್ಚರಿಕೆಯ ಗುರುತುಗಳು: ವಿಂಡೋಸ್‌ನಲ್ಲಿ ಪ್ರೋಗ್ರಾಂ ನಡೆಯುತ್ತಿರುವಾಗ ಮೂಲ ಫೈಲ್ ಅಳಿಸಲು ಬಾರದಿದ್ದರೆ ಎಲ್ಲೋ ಮುಚ್ಚಿಲ್ಲ. ನಕಲು ಮೂಲಕ್ಕಿಂತ ಕೊಂಚ ಚಿಕ್ಕದಾಗಿದ್ದರೆ, ಬಫರ್ ಇರುವ ಔಟ್‌ಪುಟ್ ಸ್ಟ್ರೀಮ್ ಮುಚ್ಚದೆ ಕೊನೆಯ ಕಂತು ಒಳಗೇ ಉಳಿದಿದೆ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ: ಮುಚ್ಚಬಾರದ್ದನ್ನು ಮುಚ್ಚುವುದು. ಕೀಬೋರ್ಡ್‌ನಿಂದ ಓದುವ ಸಿಸ್ಟಂ.ಇನ್ ಅನ್ನು ಒಮ್ಮೆ ಮುಚ್ಚಿದರೆ ಆ ಪ್ರೋಗ್ರಾಂ ಮುಗಿಯುವವರೆಗೂ ಅದು ಮತ್ತೆ ಸಿಗುವುದಿಲ್ಲ. ಸಾಕೆಟ್‌ನ ಇನ್‌ಪುಟ್ ಸ್ಟ್ರೀಮ್ ಮುಚ್ಚಿದರೆ ಸಾಕೆಟ್ಟೇ ಮುಚ್ಚಿಹೋಗುತ್ತದೆ. ತೆರೆದವರೇ ಮುಚ್ಚಲಿ, ಬೇರೆಯವರು ಕೊಟ್ಟ ಸ್ಟ್ರೀಮ್ ಅನ್ನು ಓದಿ ಹಾಗೆಯೇ ಬಿಡಿ.

ಹಂತ 3: ಒಂದೊಂದೇ ಬೈಟ್ ಓದಿ ನೋಡಿ

ಆವರಣದೊಳಗೆ ಏನೂ ಕೊಡದೆ ರೀಡ್ ಕರೆದರೆ ಒಂದು ಬೈಟ್ ಬರುತ್ತದೆ. ಆದರೆ ಅದು ಬರುವುದು ಇಂಟ್ ಆಗಿ: 0ಯಿಂದ 255ರವರೆಗಿನ ಬೆಲೆ, ಸ್ಟ್ರೀಮ್ ಮುಗಿದಿದ್ದರೆ -1. ಒಟ್ಟು 257 ಸಾಧ್ಯತೆಗಳು. ಬೈಟ್ ವೇರಿಯಬಲ್‌ನಲ್ಲಿ ಹಿಡಿಸುವುದು 256 ಮಾತ್ರ. ಆ ಒಂದರ ವ್ಯತ್ಯಾಸದಲ್ಲೇ ಇಡೀ ಗಲಾಟೆ ಇರುವುದು.

  ಇಂಟ್ ಬೆಲೆ;
  ವೈಲ್ ((ಬೆಲೆ = ಮೂಲ.ರೀಡ್()) != -1) {
    ಪ್ರತಿ.ರೈಟ್(ಬೆಲೆ);
  }

"ಬೈಟ್ ತಾನೇ ಓದುತ್ತಿರುವುದು" ಎಂದು ಬೆಲೆಯನ್ನು ಬೈಟ್‌ಗೆ ಇಳಿಸಿದ ಮೇಲೆ ಹೋಲಿಸಿದಿರಿ ಎನ್ನಿ. ಜಾವಾದ ಬೈಟ್‌ಗೆ ಚಿಹ್ನೆ ಇದೆ, ಅದರ ವ್ಯಾಪ್ತಿ -128ರಿಂದ 127. ಹಾಗಾಗಿ 255 ಎಂಬ ನಿಜವಾದ ಬೈಟ್ -1 ಆಗಿಬಿಡುತ್ತದೆ, ಲೂಪ್ ಮುಗಿಯಿತೆಂದು ತಿಳಿದು ಹೊರಬೀಳುತ್ತದೆ. ಯುಟಿಎಫ್-8 ಪಠ್ಯದಲ್ಲಿ 255 ಎಂಬ ಬೈಟ್ ಬರುವುದೇ ಇಲ್ಲವಾದ್ದರಿಂದ ಪಠ್ಯದ ಫೈಲ್‌ನಲ್ಲಿ ಈ ತಪ್ಪು ಎಂದಿಗೂ ಕಾಣುವುದಿಲ್ಲ. ಜೆಪೆಗ್‌ನ ಮೊಟ್ಟಮೊದಲ ಬೈಟೇ 255. ಸೊನ್ನೆ ಬೈಟ್‌ನ ಫೋಟೋ ಹಿಡಿದು ಬಂದವರ ಕೋಡನ್ನು ನಾನು ತೆರೆದೂ ನೋಡುವುದಿಲ್ಲ, "ಬೈಟ್ ಎಂದಿರುವುದನ್ನು ಇಂಟ್ ಮಾಡಿ" ಎನ್ನುತ್ತೇನೆ.

ಕ್ಯಾರ್‌ಗೆ ಇಳಿಸಿದರೆ ಕಥೆ ತಿರುಗುಮುರುಗು. ಕ್ಯಾರ್‌ಗೆ ಋಣ ಸಂಖ್ಯೆ ಗೊತ್ತಿಲ್ಲ. -1 ಎಂಬುದು 65,535 ಆಗುತ್ತದೆ, ಲೂಪ್ ನಿಲ್ಲುವುದೇ ಇಲ್ಲ, ಡಿಸ್ಕ್ ತುಂಬುತ್ತಾ ಹೋಗುತ್ತದೆ.

ಇನ್ನೊಂದು ತಪ್ಪು, ಪರೀಕ್ಷಿಸಲು ಒಮ್ಮೆ ಮತ್ತು ಬರೆಯಲು ಇನ್ನೊಮ್ಮೆ ರೀಡ್ ಕರೆಯುವುದು. ಪ್ರತಿ ಕರೆಯೂ ಒಂದು ಬೈಟ್ ನುಂಗುತ್ತದೆ, ಮತ್ತೆ ಕೊಡುವುದಿಲ್ಲ. ನಕಲು ಮೂಲದ ಸರಿಯಾಗಿ ಅರ್ಧ ಇದ್ದರೆ ಇದೇ ಕಾರಣ. ನಿಮ್ಮ 5 ಬೈಟ್‌ನ ಫೈಲ್ ಹಾಕಿ ನೋಡಿ: ಎರಡನೆಯ, ನಾಲ್ಕನೆಯ ಬೈಟ್‌ಗಳು ಬಂದು, ಕೊನೆಗೆ ಮೂಲದಲ್ಲಿ ಇಲ್ಲದ 255 ಒಂದು ಸೇರಿಕೊಂಡಿರುತ್ತದೆ. ಮುಗಿಯಿತು ಎಂಬ -1 ಅನ್ನೇ ನೀವು ಫೈಲ್‌ಗೆ ಬರೆದಿದ್ದೀರಿ.

ಫೈಲ್‌ನಿಂದ ಹೀಗೆ ಒಂದೊಂದೇ ಬೈಟ್ ಓದಿದರೆ ಪ್ರತಿಯೊಂದಕ್ಕೂ ಆಪರೇಟಿಂಗ್ ಸಿಸ್ಟಂನ ಬಾಗಿಲು ತಟ್ಟಬೇಕಾಗುತ್ತದೆ. ಬಫರ್ಡ್‌ಇನ್‌ಪುಟ್‌ಸ್ಟ್ರೀಮ್ ಎಂಬ ಹೊದಿಕೆ ಹಾಕಿದರೆ ಅದು ಒಮ್ಮೆಗೆ 8,192 ಬೈಟ್ ತಂದಿಟ್ಟುಕೊಂಡು ಒಂದೊಂದಾಗಿ ಕೊಡುತ್ತದೆ, ಮನೆಯ ಸಂಪ್ ಇದ್ದ ಹಾಗೆ.

ಹಂತ 4: ಬಫರ್ ಕೊಟ್ಟು ಓದಿ, ಬಂದದ್ದನ್ನು ಎಣಿಸಿ

ಉಳಿದದ್ದನ್ನು ಅವಸರದಲ್ಲಿ ಓದಿದರೂ ಇದನ್ನು ನಿಧಾನವಾಗಿ ಓದಿ.

  ಬೈಟ್[] ಬಫರ್ = ನ್ಯೂ ಬೈಟ್[8192];
  ಇಂಟ್ ಎಣಿಕೆ;
  ವೈಲ್ ((ಎಣಿಕೆ = ಮೂಲ.ರೀಡ್(ಬಫರ್)) != -1) {
    ಪ್ರತಿ.ರೈಟ್(ಬಫರ್, 0, ಎಣಿಕೆ);
  }

ರೂಪ ಅದೇ, ಅರ್ಥ ಬೇರೆ. ಹಿಂದಿನ ಹಂತದಲ್ಲಿ ರೀಡ್ ಕೊಟ್ಟದ್ದು ಬೈಟ್‌ನ ಬೆಲೆ. ಇಲ್ಲಿ ಕೊಡುವುದು ಬಂದ ಬೈಟ್‌ಗಳ ಲೆಕ್ಕ. ಬೈಟ್‌ಗಳು ಬಫರ್‌ನೊಳಗೆ ಇವೆ. ಒಂದೇ ಹೆಸರಿನ ಎರಡು ಮೆಥಡ್‌ಗಳು ಬೇರೆ ಬೇರೆ ಅರ್ಥದ ಇಂಟ್ ಕೊಡುವುದು ಒಳ್ಳೆಯ ವಿನ್ಯಾಸ ಎಂದು ನನಗೆ ಅನ್ನಿಸಿಲ್ಲ. ಆದರೆ ಬದಲಾಗುವುದಿಲ್ಲ, ಹೊಂದಿಕೊಳ್ಳಬೇಕು. ವೇರಿಯಬಲ್ ಹೆಸರನ್ನು ಒಂದರಲ್ಲಿ ಬೆಲೆ, ಇನ್ನೊಂದರಲ್ಲಿ ಎಣಿಕೆ ಎಂದು ಇಟ್ಟಿರುವುದು ಅದಕ್ಕೇ.

ಈಗ 20,000 ಬೈಟ್‌ನ ಒಂದು ಫೈಲ್ ಊಹಿಸಿಕೊಳ್ಳಿ. ಮೊದಲ ಓದಿಗೆ 8,192, ಎರಡನೆಯದಕ್ಕೆ 8,192, ಮೂರನೆಯದಕ್ಕೆ ಉಳಿದ 3,616. ನಾಲ್ಕನೆಯದಕ್ಕೆ -1. ಮೂರನೆಯ ಓದಿನ ನಂತರ ಬಫರ್‌ನ ಮೊದಲ 3,616 ಸ್ಥಾನಗಳಲ್ಲಿ ಹೊಸ ಬೈಟ್‌ಗಳಿವೆ. ಉಳಿದ 4,576 ಸ್ಥಾನಗಳಲ್ಲಿ ಏನಿದೆ? ಎರಡನೆಯ ಓದಿನ ಹಳೆಯ ಬೈಟ್‌ಗಳು. ಬಫರ್ ತನ್ನನ್ನು ತಾನು ಒರೆಸಿಕೊಳ್ಳುವುದಿಲ್ಲ. ಸ್ಲೇಟು ಒರೆಸದೆ ಅದರ ಮೇಲೆಯೇ ಚಿಕ್ಕ ಪದ ಬರೆದರೆ ಹಳೆಯ ಪದದ ಬಾಲ ಉಳಿಯುತ್ತದಲ್ಲ, ಹಾಗೆ.

ರೈಟ್‌ಗೆ ಬಫರ್ ಒಂದನ್ನೇ ಕೊಟ್ಟು ಎಣಿಕೆಯನ್ನು ಮರೆತರೆ ಆ ಬಾಲವೂ ನಕಲಿಗೆ ಹೋಗುತ್ತದೆ. ನಕಲಿನ ಗಾತ್ರ 24,576 ಆಗುತ್ತದೆ. ಮೂರು ಸಲ 8,192.

ಎಚ್ಚರಿಕೆಯ ಗುರುತು ಇದರಲ್ಲೇ ಇದೆ: ನಕಲಿನ ಗಾತ್ರವನ್ನು ಬಫರ್‌ನ ಗಾತ್ರದಿಂದ ಭಾಗಿಸಿ. ಶೇಷ ಸೊನ್ನೆ ಬಂದು, ಮೂಲದ ಗಾತ್ರಕ್ಕೆ ಹಾಗೆ ಬಾರದಿದ್ದರೆ ಎಣಿಕೆ ಕೈಬಿಟ್ಟಿದೆ. ಪರೀಕ್ಷಾ ಫೈಲ್‌ಗಳಲ್ಲಿ 8,192ರದು ಸರಿಯಾಗಿಯೇ ಬಂದು, 8,193ರದು 16,384ಕ್ಕೆ ಹಿಗ್ಗಿರುತ್ತದೆ.

ಫೋಟೋ ತೆರೆದುಕೊಂಡರೆ ಸಾಲದು ಎಂದದ್ದು ಈ ಕಾರಣಕ್ಕೆ. ಜೆಪೆಗ್‌ನೊಳಗೆ ಚಿತ್ರ ಮುಗಿಯಿತೆಂಬ ಗುರುತು ಇರುತ್ತದೆ, ಅದರ ನಂತರದ ಕಸವನ್ನು ಫೋಟೋ ತೋರಿಸುವ ಬಹುತೇಕ ತಂತ್ರಾಂಶಗಳು ಕಡೆಗಣಿಸುತ್ತವೆ. ಗಾಜಿನ ಮನೆ ಚೆನ್ನಾಗಿಯೇ ಕಾಣುತ್ತದೆ. ಜಿಪ್ ಫೈಲ್‌ನ ಪಟ್ಟಿ ಇರುವುದು ಕೊನೆಯಲ್ಲಿ, ಅಲ್ಲಿ ಬಾಲ ಅಂಟಿದರೆ ಅದು ಸುಮ್ಮನಿರುವುದಿಲ್ಲ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಚೇರಿಯಲ್ಲಿ ನಾನು ಬರೆದ ಇಂಥದೇ ಲೂಪ್ ತಿಂಗಳುಗಟ್ಟಲೆ ಚಿತ್ರಗಳನ್ನು ಸಾಗಿಸಿತ್ತು, ಯಾರಿಗೂ ಸಂಶಯ ಬರಲಿಲ್ಲ. ಮೊದಲ ಜಿಪ್ ಬಂದ ದಿನ ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. ಅಂದಿನಿಂದ ಶಾ-256 ನೋಡದೆ ನಾನು ಯಾವ ನಕಲನ್ನೂ ನಂಬಿಲ್ಲ.

ಇನ್ನೆರಡು ಎಡವಟ್ಟುಗಳು. "ಎಣಿಕೆ ಬಫರ್‌ಗಿಂತ ಕಡಿಮೆ ಬಂತು, ಅಂದರೆ ಫೈಲ್ ಮುಗಿಯಿತು" ಎಂದು ಲೂಪ್ ಮುರಿಯುವುದು ತಪ್ಪು. ಮುಗಿದದ್ದು -1 ಬಂದಾಗ ಮಾತ್ರ. ನಡುವೆ ಎಲ್ಲಿ ಬೇಕಾದರೂ ಕಡಿಮೆ ಬರಬಹುದು. ಎರಡನೆಯದು, ಉದ್ದವೇ ಇಲ್ಲದ ಬಫರ್ ಕೊಡುವುದು. ಆಗ ಎಣಿಕೆ ಪ್ರತಿ ಸಲವೂ 0 ಬರುತ್ತದೆ, -1 ಬರುವುದೇ ಇಲ್ಲ, ಲೂಪ್ ಸುತ್ತುತ್ತಲೇ ಇರುತ್ತದೆ.

ಜಾವಾ 9ರಿಂದ ಟ್ರಾನ್ಸ್‌ಫರ್‌ಟು ಎಂಬ ಮೆಥಡ್ ಇದೆ, ಈ ಲೂಪ್ ಪೂರ್ತಿ ಅದರೊಳಗಿದೆ. ಕೆಲಸದಲ್ಲಿ ಅದನ್ನೇ ಬಳಸಿ. ರೀಡ್‌ಆಲ್‌ಬೈಟ್ಸ್ ಕೂಡ ಆಗಿನಿಂದಲೇ ಇದೆ. ಚಿಕ್ಕ ಫೈಲ್‌ಗೆ ಬಲು ಅನುಕೂಲ, ದೊಡ್ಡ ವಿಡಿಯೋಗೆ ಬಳಸಿದರೆ ಮೆಮೊರಿ ಸಾಲದೆ ಪ್ರೋಗ್ರಾಂ ಬೀಳುತ್ತದೆ. ಆದರೂ ಲೂಪ್ ಅನ್ನು ಒಮ್ಮೆ ಕೈಯಾರೆ ಬರೆಯಿರಿ. ನಡುವೆ ಬೈಟ್‌ಗಳನ್ನು ಎಣಿಸಬೇಕಾದಾಗ, ಬದಲಿಸಬೇಕಾದಾಗ ಸಿದ್ಧ ಮೆಥಡ್ ನೆರವಿಗೆ ಬರುವುದಿಲ್ಲ.

ಹಂತ 5: ಇಂತಿಷ್ಟೇ ಬೈಟ್ ಬೇಕಾದಾಗ

ಹಲವು ಕಡೆ ಮೊದಲ 4 ಬೈಟ್‌ಗಳಲ್ಲಿ ಮುಂದಿನ ಸಂದೇಶದ ಉದ್ದ ಇರುತ್ತದೆ. 4 ಬೈಟ್‌ನ ಅರೇ ಕೊಟ್ಟು ರೀಡ್ ಕರೆದರೆ ನಾಲ್ಕೂ ಬಂದೇ ಬರುತ್ತವೆ ಎಂಬ ಭರವಸೆ ಇಲ್ಲ. ಮೂರೇ ಬಂದರೂ ರೀಡ್ ತನ್ನ ಮಾತಿಗೆ ತಪ್ಪಿದಂತಲ್ಲ. ರೀಡ್‌ಎನ್‌ಬೈಟ್ಸ್ ಬಳಸಿ. ಅದು ಪೂರ್ತಿ ಬರುವವರೆಗೆ ಅಥವಾ ಸ್ಟ್ರೀಮ್ ಮುಗಿಯುವವರೆಗೆ ಬಿಡದೆ ಓದುತ್ತದೆ. ಸ್ಟ್ರೀಮ್ ಮೊದಲೇ ಮುಗಿದರೆ ಕಡಿಮೆ ಬೈಟ್ ಬಂದಿರುತ್ತದೆ, ಅದನ್ನು ನೋಡುವುದು ನಿಮ್ಮ ಕೆಲಸ. ಡೇಟಾಇನ್‌ಪುಟ್‌ಸ್ಟ್ರೀಮ್‌ನ ರೀಡ್‌ಫುಲಿ ಆದರೆ ಎಕ್ಸೆಪ್ಷನ್ ಎಸೆದು ಜಗಳ ತೆಗೆಯುತ್ತದೆ. ನನಗೆ ಜಗಳ ತೆಗೆಯುವುದೇ ಇಷ್ಟ.

ನಾಲ್ಕು ಬೈಟ್‌ಗಳನ್ನು ಸೇರಿಸಿ ಒಂದು ಸಂಖ್ಯೆ ಮಾಡುವಾಗ ಮತ್ತೆ ಚಿಹ್ನೆಯ ಕಾಟ. ಉದ್ದ 500 ಎಂದರೆ ಬೈಟ್‌ಗಳು 0, 0, 1, 244. ಕೊನೆಯದು ಬೈಟ್ ಅರೇಯಲ್ಲಿ -12 ಆಗಿ ಕೂತಿರುತ್ತದೆ. ಎಡಕ್ಕೆ ಸರಿಸಿ ಆರ್ ಚಿಹ್ನೆಯಿಂದ (|) ಜೋಡಿಸಿದರೆ ಉತ್ತರ 500 ಅಲ್ಲ, -12. ಪ್ರತಿ ಬೈಟನ್ನೂ ಮೊದಲು 255ರ ಜೊತೆ ಆಂಡ್ (&) ಮಾಡಿ, ಆಮೇಲೆ ಸರಿಸಿ. ಅರೇಯ ಗಾತ್ರ ಋಣವಾಯಿತು ಎಂಬ ಎಕ್ಸೆಪ್ಷನ್ ಬಂದರೆ ಈ ಆಂಡ್ ಬಿಟ್ಟುಹೋಗಿದೆ.

ಕ್ರಮವನ್ನೂ ವಿಚಾರಿಸಿಕೊಳ್ಳಿ. ಡೇಟಾಇನ್‌ಪುಟ್‌ಸ್ಟ್ರೀಮ್ ದೊಡ್ಡ ಸ್ಥಾನದ ಬೈಟ್ ಮೊದಲು ಬರುತ್ತದೆಂದು ನಂಬುತ್ತದೆ. ವೇವ್ ಧ್ವನಿ ಫೈಲ್, ಬಿಎಂಪಿ ಚಿತ್ರಗಳಲ್ಲಿ ಚಿಕ್ಕದು ಮೊದಲು. ಉದ್ದ 5 ಎಂದಿರಬೇಕಾದಲ್ಲಿ 8,38,86,080 ಬಂದರೆ ಬೈಟ್‌ಗಳನ್ನು ತಲೆಕೆಳಗಾಗಿ ಓದಿದ್ದೀರಿ.

ಹೊರಗಿನಿಂದ ಬಂದ ಉದ್ದವನ್ನು ನಂಬಿ ಅಷ್ಟು ದೊಡ್ಡ ಅರೇ ಕಟ್ಟಬೇಡಿ. ಮೊದಲು ಒಂದು ಮಿತಿಗೆ ಹೋಲಿಸಿ.

ಹಂತ 6: ಕನ್ನಡ ಪಠ್ಯವಾದರೆ ಬಫರ್‌ನ ಅಂಚಿನ ಬಗ್ಗೆ ಎಚ್ಚರ

ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಬ ಅಕ್ಷರ 224, 178, 172. ಬೈಟ್ ಅರೇಯನ್ನು ಹಾಗೆಯೇ ಮುದ್ರಿಸಿದರೆ -32, -78, -84 ಎಂದು ಕಾಣುತ್ತದೆ. ಹೆದರಬೇಡಿ, ಎರಡೂ ಒಂದೇ. "ಬೆಂಗಳೂರು" ಪದದಲ್ಲಿ ಸ್ವರಚಿಹ್ನೆ, ಸೊನ್ನೆ ಎಲ್ಲ ಸೇರಿ 8 ಸಂಕೇತಗಳು, ಅಂದರೆ 24 ಬೈಟ್.

ಲೂಪ್‌ನ ಪ್ರತಿ ಸುತ್ತಿನಲ್ಲೂ ಬಫರ್ ಅನ್ನು ಸ್ಟ್ರಿಂಗ್ ಮಾಡಿ ಮುದ್ರಿಸುವವರು ಆರನೆಯ ಪರೀಕ್ಷಾ ಫೈಲ್ ಓಡಿಸಲಿ. 8,192 ಬೈಟ್‌ನಲ್ಲಿ 341 ಪೂರ್ತಿ "ಬೆಂಗಳೂರು" ಹಿಡಿದು 8 ಬೈಟ್ ಉಳಿಯುತ್ತದೆ. ಬ ಮತ್ತು ಎತ್ವಕ್ಕೆ 6 ಹೋಗಿ, ಸೊನ್ನೆಯ ಮೂರು ಬೈಟ್‌ಗಳಲ್ಲಿ ಎರಡು ಈಚೆ, ಒಂದು ಆಚೆ. 342ನೆಯ ಬೆಂಗಳೂರಿನ ಸೊನ್ನೆ ಒಡೆದು, ಆ ಜಾಗದಲ್ಲಿ ವಜ್ರಾಕಾರದೊಳಗಿನ ಪ್ರಶ್ನೆಚಿಹ್ನೆಗಳು ಕೂರುತ್ತವೆ. ಇಂಗ್ಲಿಷ್ ಪಠ್ಯದಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟ್ ಆದ್ದರಿಂದ ಇದು ಎಂದೂ ಎದುರಾಗುವುದಿಲ್ಲ. ಇಂಗ್ಲಿಷ್‌ನಲ್ಲಷ್ಟೇ ಪರೀಕ್ಷಿಸಿ ಕೈತೊಳೆದುಕೊಳ್ಳುವವರ ತಂತ್ರಾಂಶದಲ್ಲಿ ನಮ್ಮ ಹೆಸರುಗಳು ಆಗಾಗ ಒಡೆಯುವುದಕ್ಕೆ ಇದೂ ಒಂದು ಕಾರಣ.

ಪರಿಹಾರ ಸುಲಭ. ಪಠ್ಯ ಬೇಕಿದ್ದರೆ ಇನ್‌ಪುಟ್‌ಸ್ಟ್ರೀಮ್‌ರೀಡರ್ ಹೊದಿಸಿ, ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳಿ. ಅದು ಅರ್ಧ ಬಂದ ಅಕ್ಷರವನ್ನು ಇಟ್ಟುಕೊಂಡು ಉಳಿದ ಬೈಟ್‌ಗಾಗಿ ಕಾಯುತ್ತದೆ. ಜಾವಾ 18ರಿಂದ ಯುಟಿಎಫ್-8 ತಾನಾಗಿಯೇ ಪೂರ್ವನಿಗದಿ; ಹಳೆಯ ಜಾವಾ ಇರುವ ವಿಂಡೋಸ್ ಯಂತ್ರದಲ್ಲಿ ಅಲ್ಲ.

ಫೋಟೋ, ಜಿಪ್ ಮೊದಲಾದವಕ್ಕೆ ರೀಡರ್ ಹೊದಿಸಬೇಡಿ. ಅಕ್ಷರವಾಗದ ಬೈಟ್‌ಗಳನ್ನು ಅದು ಬದಲಿಸಿಬಿಡುತ್ತದೆ, ಹಿಂದಕ್ಕೆ ಪಡೆಯಲಾಗುವುದಿಲ್ಲ.

ಹಂತ 7: ನೆಟ್‌ವರ್ಕ್‌ನಲ್ಲಿ ಕಾಯುವುದನ್ನು ಕಲಿಯಿರಿ

ರೀಡ್ ಕನಿಷ್ಠ ಒಂದು ಬೈಟ್ ಬರುವವರೆಗೆ ಕಾಯುತ್ತದೆ. ಪ್ರೋಗ್ರಾಂ ನಿಂತುಹೋಗಿದೆ ಎಂದು ದೂರುವವರ ಪ್ರೋಗ್ರಾಂ ಬಹುಪಾಲು ಕಾಯುತ್ತಿರುತ್ತದೆ ಅಷ್ಟೇ. -1 ಬರಬೇಕಾದರೆ ಆ ಬದಿಯವರು ತಮ್ಮ ಕಡೆ ಮುಚ್ಚಬೇಕು. ಅವರು ನಿಮ್ಮ ಉತ್ತರಕ್ಕೆ, ನೀವು ಅವರ -1ಕ್ಕೆ ಕಾದು ಕೂತರೆ "ನೀವು ಮೊದಲು, ನೀವು ಮೊದಲು" ಎನ್ನುತ್ತಾ ಬಾಗಿಲಲ್ಲೇ ನಿಂತ ಬೀಗರ ಕಥೆ. ಉದ್ದವನ್ನು ಮೊದಲೇ ಕಳಿಸುವ ಐದನೆಯ ಹಂತದ ಪದ್ಧತಿ ಅನುಸರಿಸಿ, ಸಾಕೆಟ್‌ಗೆ ಕಾಯುವ ಅವಧಿಯನ್ನೂ ನಿಗದಿ ಮಾಡಿ. ಅದನ್ನು ಮಿಲಿಸೆಕೆಂಡ್‌ನಲ್ಲಿ ಕೊಡಬೇಕು: 5000 ಎಂದರೆ 5 ಸೆಕೆಂಡ್.

ಅವೈಲಬಲ್ ಎಂಬ ಮೆಥಡ್ ಹೆಸರು ನೋಡಿ ಮೋಸಹೋಗಬೇಡಿ. ಅದು ಹೇಳುವುದು ಈಗ ಕಾಯದೆ ಎಷ್ಟು ಬೈಟ್ ಸಿಗಬಹುದು ಎಂಬ ಅಂದಾಜನ್ನು, ಒಟ್ಟು ಎಷ್ಟಿದೆ ಎಂಬುದನ್ನಲ್ಲ. ಅದು 0 ಎಂದರೆ ಮುಗಿಯಿತೆಂದೂ ಅಲ್ಲ. ಅದರ ಗಾತ್ರಕ್ಕೆ ಅರೇ ಮಾಡಿ ಒಂದೇ ಸಲ ಓದುವ ಕೋಡ್ ಮನೆಯ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ನಡೆದು, ಮೆಟ್ರೋದಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡ ಕೂಡಲೇ ಅರ್ಧ ಫೈಲ್ ಕೊಡುತ್ತದೆ.

ಹಂತ 8: ಜಿಪುಣ ಸ್ಟ್ರೀಮ್ ಮಾಡಿ ಪರೀಕ್ಷಿಸಿ

ಕೋಡ್ ಪರೀಕ್ಷಿಸಲು ಪ್ರತಿ ಸಲ ಮೆಟ್ರೋ ಹತ್ತಬೇಕಾಗಿಲ್ಲ. ಫಿಲ್ಟರ್‌ಇನ್‌ಪುಟ್‌ಸ್ಟ್ರೀಮ್ ಅನ್ನು ವಿಸ್ತರಿಸಿ ಒಂದು ಚಿಕ್ಕ ಕ್ಲಾಸ್ ಬರೆಯಿರಿ. ಅರೇ, ಆರಂಭ, ಉದ್ದ ಎಂಬ ಮೂರನ್ನು ಪಡೆಯುವ ರೀಡ್ ಒಂದನ್ನೇ ಬದಲಿಸಿ: ಕೇಳಿದ ಉದ್ದ ಎಷ್ಟೇ ಇರಲಿ, 3ಕ್ಕಿಂತ ಹೆಚ್ಚು ಕೇಳದಂತೆ ಕಡಿಮೆ ಮಾಡಿ ಮೂಲ ಸ್ಟ್ರೀಮ್‌ಗೆ ದಾಟಿಸಿ. ಅರೇ ಮಾತ್ರ ಪಡೆಯುವ ರೀಡ್ ತಾನಾಗಿಯೇ ಇದರ ಮೂಲಕ ಹೋಗುತ್ತದೆ. ಒಟ್ಟು ಹತ್ತು ಸಾಲೂ ಆಗುವುದಿಲ್ಲ.

ಆರೂ ಫೈಲ್‌ಗಳನ್ನು ಮೊದಲು ನೇರವಾಗಿ, ಆಮೇಲೆ ಈ ಜಿಪುಣನ ಮೂಲಕ ನಕಲು ಮಾಡಿ ಮೊತ್ತ ಹೋಲಿಸಿ. ಎಣಿಕೆ ಮರೆತ ಕೋಡ್ ಫೋಟೋವನ್ನು ಸಾವಿರಾರು ಪಟ್ಟು ಹಿಗ್ಗಿಸುತ್ತದೆ. ಕಡಿಮೆ ಬಂದರೆ ಮುಗಿಯಿತೆಂದು ಭಾವಿಸಿದ ಕೋಡ್ ಮೂರೇ ಬೈಟ್‌ಗೆ ನಿಲ್ಲುತ್ತದೆ. ಪಠ್ಯದ ಪರೀಕ್ಷೆಗೆ ಮಾತ್ರ 3ರ ಬದಲು 2 ಇಡಿ. ಕನ್ನಡದ ಸಂಕೇತಕ್ಕೆ ಸರಿಯಾಗಿ 3 ಬೈಟ್ ಇರುವುದರಿಂದ 3 ಇಟ್ಟರೆ ಯಾವ ಅಕ್ಷರವೂ ಒಡೆಯದೆ ತಪ್ಪು ಕೋಡೂ ಪಾಸಾಗಿಬಿಡುತ್ತದೆ. ಇದನ್ನು ನನಗೆ ತೋರಿಸಿಕೊಟ್ಟದ್ದು ಹಿಂದಿನ ಬೆಂಚಿನ ಆ ಸೊನ್ನೆ ಬೈಟ್ ಹುಡುಗಿ.